ಹಗೇವಿಗೆ ಬಿದ್ದ ಸುದ್ದಿ

ಅತ್ತಿಗೆಗೆ ನಮಸ್ಕಾರ,

ಎಂದೋ ಜನ ಬಿಟ್ಟುಹೋದ ಹಳೇ ಊರೊಂದನ್ನು ನಾವಿಲ್ಲಿ ಅಗೆಯುತ್ತಿದ್ದೇವೆ. ಗೋಡೆಗಳ ಬುಡ, ಓಣಿಗಳ ಗುರುತು ಬಿಟ್ಟರೆ ಏನೂ ಸಿಕ್ಕಿರಲಿಲ್ಲ. ನಿನ್ನೆ ಒಂದು ಮನೆಯೊಳಗೆ ಅಳತೆಪಟ್ಟಿ ಹಿಡಿದು ನಿಂತಿದ್ದೆ, ನೆಲ ಕುಸಿದು ಎದೆಮಟ್ಟ ಒಳಗಿಳಿದೆ. ಅದು ಹಿಂದಿನವರು ಕಾಳು ತುಂಬಿಡುತ್ತಿದ್ದ ಹಗೇವು! ಸುತ್ತಲ ಮಣ್ಣು ಇನ್ನೂ ಜಾರುತ್ತಿತ್ತು. ಚಹಾ ತಂದಿದ್ದ ಅಡುಗೆಯವರು ಕೆಟಲ್ ಬಿಸಾಕಿ ಓಡಿಬಂದು, ಬೋರಲು ಮಲಗಿ ನನ್ನ ಎರಡೂ ರಟ್ಟೆ ಹಿಡಿದರು. ನಾನೋ, "ಇಲ್ಲಿ ಸುಟ್ಟ ಕಾಳಿದೆ!" ಎಂದು ಕೂಗುತ್ತಿದ್ದೆ.

"ಮೊದ್ಲು ನೀನು ಮೇಲೆ ಬಾರೇ ತಾಯಿ! ಆರುನೂರು ವರ್ಷದಿಂದ ಬಿದ್ದಿರೋ ಕಾಳು ಇವತ್ತು ಎದ್ದು ಓಡಲ್ಲ" ಎಂದು ಗದರುತ್ತಲೇ ಎಳೆದುಕೊಂಡರು.

ಕಾಲು ಉಳುಕಿದೆ ಅಷ್ಟೇ, ಮೂಳೆಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಇವತ್ತು ಕೂತಲ್ಲೇ ಅಡುಗೆಯವರಿಗೆ ಈರುಳ್ಳಿ ಹೆಚ್ಚಿಕೊಟ್ಟೆ. ಅವರ ಋಣ ಅಷ್ಟಕ್ಕೆ ತೀರುವಂಥದ್ದಲ್ಲ. ನಿಮ್ಮದೂ ಹಾಗೆಯೇ. "ನಿನ್ನ ಮಗಳು ನನ್ನ ಹತ್ರ ಇರ್ತಾಳೆ, ಹೋಗಮ್ಮ" ಎಂದು ನೀವು ಕಳಿಸದಿದ್ದರೆ ನಾನು ಈ ಕೆಲಸಕ್ಕೆ ಬರುತ್ತಲೇ ಇರಲಿಲ್ಲ.

ಬಿದ್ದದ್ದನ್ನು ಅಣ್ಣನಿಗೆ ಹೇಳಬೇಡಿ. ಕಾರ್ಡು ಮೊದಲು ಅವನ ಕೈಗೇ ಸಿಕ್ಕಿದ್ದರೆ: ಅಣ್ಣಾ, ರೈಲು ಹತ್ತಬೇಡ, ನಿಜವಾಗಿಯೂ ಚೆನ್ನಾಗಿದ್ದೇನೆ.

ನಿಮ್ಮ ನಾದಿನಿ