ಓಬಕ್ಕನ ಹರಕೆ

೧೪ ನವೆಂಬರ್ ೧೯೩೮, ಸೋಮವಾರ. ಸಿರಾ.

ಪೂಜಾರಿ ಬೋರಣ್ಣನ ನಗು ಕಿವಿಯಿಂದ ಹೋಗುತ್ತಿಲ್ಲ.

ಬೆಂಗಳೂರಿನ ಡಾಕ್ಟರು ಮೂತ್ರಕೋಶದ ಕೆಳಗಿನ ಗ್ರಂಥಿಯನ್ನು ಕೊಯ್ದು ತೆಗೆದು ಐದು ತಿಂಗಳಾಯಿತು. ನೋವಿಲ್ಲ, ಮೂತ್ರ ಸರಾಗವಾಗಿದೆ. ಗಂಡಸುತನ ಮಾತ್ರ ಮರಳಿಲ್ಲ. ಸೆಪ್ಟೆಂಬರಿನಲ್ಲಿ ಒಮ್ಮೆ ಹೆಂಡತಿ ಓಬಕ್ಕನ ಹತ್ತಿರ ಹೋಗಿ, ಆಗದೆ, ಗೋಡೆಯ ಕಡೆ ಹೊರಳಿ ಮಲಗಿದ್ದೆ. ಅವಳಿಗೆ ಇನ್ನೂ ಮೂವತ್ತೆಂಟು. ಮರುದಿನ ಬೆಳಿಗ್ಗೆ, ನಾನು ಬದುಕಿ ಬಂದದ್ದಕ್ಕೆ ಜುಂಜಪ್ಪನಿಗೆ ಹರಕೆ ಹೊತ್ತಿರುವುದಾಗಿಯೂ ಕಾರ್ತಿಕ ಕಳೆಯುವವರೆಗೆ ಬೇರೆ ಮಲಗಬೇಕೆಂದೂ ಹೇಳಿದಳು. ನನಗೆ ಎಷ್ಟು ನಿರಾಳವಾಯಿತೆಂದು ಈ ದಿನಚರಿಯಲ್ಲಿಯೂ ಬರೆದಿರಲಿಲ್ಲ.

ಕಾರ್ತಿಕ ಮುಗಿಯುತ್ತಾ ಬಂತು. ಇವತ್ತು ಕಳ್ಳಂಬೆಳ್ಳದ ಜುಂಜಪ್ಪನ ಗುಡಿಗೆ ಹೋಗಿ, ಓಬಕ್ಕನ ಹರಕೆಯನ್ನು ಇನ್ನಷ್ಟು ದಿನ ಮುಂದುವರಿಸಬಹುದೇ ಎಂದು ಬೋರಣ್ಣನನ್ನು ಕೇಳಿದೆ. ಅವನು ನಕ್ಕುಬಿಟ್ಟ.

‘ಯಾವ ಹರಕೆ ಸ್ವಾಮಿ? ನಿಮ್ ಹೆಂಡ್ತಿ ನನ್ ಮುಂದೆ ಯಾವ್ದೂ ಹೊತ್ತಿಲ್ಲ. ಗಂಡ ಹೆಂಡ್ತಿ ಬ್ಯಾರೆ ಮಲಗಿದ್ರೆ ಜುಂಜಪ್ಪಂಗೇನು ಬಂತು?’

ಮನೆಗೆ ಬಂದಾಗ ಓಬಕ್ಕ ನಡುಮನೆಯಲ್ಲಿ ಒಂದು, ಪಡಸಾಲೆಯಲ್ಲಿ ಒಂದು ಚಾಪೆ ಹಾಸುತ್ತಿದ್ದಳು.

‘ಬೋರಣ್ಣ ಸಿಕ್ಕಿದ್ದ’ ಎಂದೆ. ಅವಳ ಕೈ ನಿಂತಿತು.

‘ಹರಕೇನ ಯುಗಾದಿಗಂಟ ನಡೆಸಿದ್ರೆ ಒಳ್ಳೇದಂತೆ’ ಎಂದು ನಾನೇ ಸೇರಿಸಿದೆ.

ಅವಳು ತಲೆ ಎತ್ತಲಿಲ್ಲ. ‘ಅಂಗೇ ಆಗ್ಲಿ ಬುಡಿ’ ಎಂದವಳು ಚಾಪೆಯ ಮಡಿಕೆಯನ್ನು ಬಹಳ ಹೊತ್ತು ಸವರುತ್ತಲೇ ಇದ್ದಳು. ನಾನು ಅಲ್ಲಿಯೇ ನಿಂತಿದ್ದೆ.