ಸ್ಟ್ರಾಬೆರಿಗೆ ಏರಿಸಿದ ಮಣ್ಣು

ಭಾಲ್ಕಿ

ಸೊಸೆ ಪೂನಮಳಿಗೆ ಜಯಭೀಮ.

ಫೋನಿನಲ್ಲಿ ಹೇಳಲು ನಾಚಿಕೆಯಾಗಿ ಬರೆಯುತ್ತಿದ್ದೇನೆ. ನೀನು ಔರಾದಿಗೆ ನೌಕರಿಗೆ ಹೋಗುವಾಗ ನನಗೆ ಒಪ್ಪಿಸಿದ ಆರು ಸ್ಟ್ರಾಬೆರಿ ಗಿಡಗಳಿಗೆ, ಕಬ್ಬಿಗೆ ಏರಿಸುವ ಹಾಗೆ ಮಣ್ಣು ಏರಿಸಿಬಿಟ್ಟೆ. ಸುಳಿ ಮುಚ್ಚಿ ನಾಲ್ಕು ಕೊಳೆತವು.

“ಸುಳಿ ಮುಚ್ಚಬ್ಯಾಡ್ರಿ ಅಂತ ಸೊಸಿ ಹೇಳಿದ್ಳಲ್ರಿ, ಕಬ್ಬಿನ ಸಾಹುಕಾರ್ರ!” ಎಂದು ನಿನ್ನ ಅತ್ತೆ ಬೈದಳು. ಆಮೇಲೆ ಬೆರಳಿನಿಂದ ಮಣ್ಣು ಕೆದರಿ ಎರಡನ್ನು ಉಳಿಸಿಕೊಂಡೆ. ಈಗ ಮೂರು ಹಣ್ಣು ಕೆಂಪಾಗಿವೆ.

ನಲವತ್ತು ವರ್ಷ ಒಕ್ಕಲುತನ ಮಾಡಿದವನಿಗೆ ತಿಳಿಯದ್ದು ನಿನಗೆ ತಿಳಿದಿತ್ತಲ್ಲ, ತಾಯಿ! ಓಣಿಯವರು ಕೇಳಿದರೆ, ಹಣ್ಣು ಸೊಸೆಯದು, ಕೊಳೆತದ್ದು ನನ್ನದು ಎನ್ನುತ್ತೇನೆ.

ಗಿಡ ಈಗ ಬಳ್ಳಿ ಬಿಡುತ್ತಿದೆ. ಕತ್ತರಿಸಲೋ, ನೆಲಕ್ಕೆ ಊರಲೋ? ನೀನು ಹೇಳುವವರೆಗೆ ನಾನು ಕೈ ಹಚ್ಚುವುದಿಲ್ಲ.

ನಿನ್ನ ಮಾವ,
ಕಾಶೀರಾಮ