ಡೂಗಿ ಆಡಿದ ಮಾತು

ನವೆಂಬರ್ ೧೪, ಗುರುವಾರ. ಡಂಡೀ.

ಡೂಗಿಯನ್ನು ಮಣ್ಣು ಮಾಡಿ ವಾರವಾಗಿಲ್ಲ. ಇವತ್ತು ಅವನ ತಾಯಿ ಇಸೊಬೆಲ್ ನನ್ನ ಔಷಧಿ ಅಂಗಡಿಗೆ ಬಂದರು.

ಹೆರಾಯಿನ್ ಚಟ ಬಿಡಿಸಲು ಕೊಡುವ ಮೆಥಡೋನನ್ನು ಅವನು ದಿನವೂ ನನ್ನೆದುರೇ ಕುಡಿಯುತ್ತಿದ್ದ. ಮದ್ದನ್ನು ನುಂಗದೆ ಬಾಯಲ್ಲೇ ಒಯ್ದು ಮಾರದಿರಲೆಂದು, ಕುಡಿದ ಮೇಲೆ ಮಾತಾಡಿಸಬೇಕು. ಗುಟುಕಿನ ಹಿಂದೆ ಚುಟುಕು, ಅದು ನಮ್ಮ ಕಟ್ಟುಪಾಡು.

"ಮನೇಲಿ ತುಟಿ ಬಿಚ್ತಿರ್ಲಿಲ್ಲ ಕಣೋ ಮಗಾ. ನಿನ್ ಹತ್ರ ದಿನಾ ಮಾತಾಡ್ತಿದ್ನಂತೆ. ಏನಂತಿದ್ದ?"

"ಮಳೆ, ಚಳಿ, ಫುಟ್‌ಬಾಲು... ಅಷ್ಟೇ ಅಮ್ಮಾ."

"ಅಷ್ಟೇ ಸಾಕು. ಅವನು ಅಂದ ಹಾಗೇ ಅನ್ನು, ಕೇಳ್ತೀನಿ."

ಕೈಚೀಲ ಕೆಳಗಿಟ್ಟು ಕಾದರು. ನನಗೆ ಒಂದು ವಾಕ್ಯವೂ ನೆನಪಾಗಲಿಲ್ಲ. ಇಷ್ಟು ವರ್ಷ ನಾನು ಆಲಿಸಿದ್ದು ಬಾಯಿ ಖಾಲಿಯಾಯಿತೇ ಎಂದಷ್ಟೇ.

ನಾಳೆ ಮತ್ತೆ ಬರುತ್ತಾರಂತೆ. ಪ್ರಾಸ ಕಟ್ಟುವ ನನಗೆ ಅವನ ಹೆಸರಲ್ಲಿ ನಾಲ್ಕು ಮಾತು ಕಟ್ಟುವುದು ಕಷ್ಟವಲ್ಲ. ಆದರೆ ದೀಪ ಆರಿಸಿದರೆ ಅವನ ದನಿ ಕೇಳುತ್ತದೆ, ಕೆಮ್ಮಿನ ಸಮೇತ. ಮಾತು ಮಾತ್ರ ಇಲ್ಲ.